ನವಿಲಿನ ಚಿತ್ರವಿರುವ ಗೋಡೆಯ ಮುಂದೆ

ಮಹಜರಿನಲ್ಲಿ ಹೀಗೆ ಬರೆದಿತ್ತು: "ಸದರಿ ರೈಲ್ವೆ ಕೆಳಸೇತುವೆಯ ಒಳಗೆ, ಎಡಬದಿಯ, ನವಿಲಿನ ಚಿತ್ರವಿರುವ ಗೋಡೆಯ ಮುಂದೆ." ಹಿಂದಿನ ಸಂಜೆ ಏಳೂವರೆ ಹೊತ್ತಿಗೆ ಗಾರ್ಮೆಂಟ್ಸ್ ಕೆಲಸ ಮುಗಿಸಿ ನಡೆದು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳ ಕತ್ತಿನ ಸರವನ್ನು ಅಲ್ಲಿ ಕಿತ್ತುಕೊಂಡು ಹೋಗಿದ್ದರು. ಒಬ್ಬ ಗೋಡೆಗೆ ಒತ್ತಿಕೊಂಡು ನಿಂತಿದ್ದನಂತೆ. ಅವಳು ಹತ್ತಿರ ಬರುವ ತನಕ ಅವನು ಅಲ್ಲಿದ್ದದ್ದೇ ಕಾಣಲಿಲ್ಲವಂತೆ.

ಆ ಬೆಳಿಗ್ಗೆ ನಾನು ಚಿತ್ರದ ಮೇಲೆ ಕೊನೆಯ ಕ್ಲಿಯರ್ ಕೋಟ್ ಹೊಡೆಯಲು ಬಂದಿದ್ದೆ. ರೋಲರ್ ಕೈಯಲ್ಲೇ ಇತ್ತು. ಹೆಡ್ ಕಾನ್‌ಸ್ಟೇಬಲ್ ಒಬ್ಬರು "ನೀವೇ ಇದೀರಲ್ಲ, ಪಂಚರಾಗಿ ಒಂದು ಸೈನ್ ಹಾಕಿ" ಅಂದರು. ಓದಿ ಸಹಿ ಹಾಕಿದೆ. ನಾನು ಬರೆದ ಚಿತ್ರ ಒಂದು ಸರ್ಕಾರಿ ಕಾಗದದಲ್ಲಿ ಬಂದಿದ್ದು ಅದೇ ಮೊದಲು. ಅದೂ ಕಳ್ಳತನ ಎಲ್ಲಿ ನಡೆಯಿತು ಅನ್ನೋದಕ್ಕೆ ಗುರುತಾಗಿ.

ಇದು 2015ರ ಮಾತು. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆ. ಕೆಲಸ ಕೊಟ್ಟವರು ನನಗೆ ಹೇಳಿದ್ದು ಇಷ್ಟೇ: "ಈ ಅಂಡರ್‌ಪಾಸ್‌ನಲ್ಲಿ ಪುಂಡರ ಕಾಟ ಜಾಸ್ತಿ. ಚೆನ್ನಾಗಿ ಒಂದು ಚಿತ್ರ ಬರೆದುಬಿಟ್ರೆ ಜಾಗ ಲಕ್ಷಣವಾಗುತ್ತೆ, ಅವರು ಬರಲ್ಲ." ನಾನೂ ಹಾಗೇ ನಂಬಿದ್ದೆ. ಮನಸಾರೆ ನಂಬಿದ್ದೆ. ಆ ಸಹಿ ಹಾಕಿದ ಮೇಲೆ ಆ ನಂಬಿಕೆಯನ್ನು ಬಿಡಿಸಿ ನೋಡಲು ಶುರು ಮಾಡಿದೆ. ಏನು ನೋಡಿದೆ, ಆಮೇಲೆ ಅದೇ ಗೋಡೆಯನ್ನು ಹೇಗೆ ಮತ್ತೆ ಬರೆದೆ ಅಂತ ಹೇಳೋಕೆ ಇದನ್ನು ಬರೀತಿದ್ದೀನಿ. ಗೋಡೆ ಬರೆಯುವ ಹುಡುಗ ಹುಡುಗಿಯರು ಈಗ ಊರೂರಲ್ಲಿ ಇದ್ದಾರೆ. ಅವರಿಗೆ ಉಪಯೋಗ ಆಗಬಹುದು.

ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದರು. ಅಂಗಡಿ ಬೋರ್ಡು, ಲಾರಿಯ ಹಿಂದಿನ ಅಕ್ಷರ, ಚುನಾವಣೆ ಬಂದರೆ ಗೋಡೆ ಬರಹ. ನಾನು ಎಂಟನೇ ಕ್ಲಾಸಿನಲ್ಲೇ ಅವರ ಜೊತೆ ಸಾರ್ವೆ ಹತ್ತಿದವನು. ಆಮೇಲೆ ಫ್ಲೆಕ್ಸ್ ಬಂತು. ಒಂದೆರಡು ವರ್ಷದಲ್ಲೇ ಬ್ರಷ್ ಹಿಡಿದವರಿಗೆಲ್ಲ ಕೆಲಸ ಇಲ್ಲದಂತಾಯಿತು. 2009ರಲ್ಲಿ ಬೆಂಗಳೂರಿನ ರಸ್ತೆಬದಿ ಗೋಡೆಗಳ ಮೇಲೆ ಚಿತ್ರ ಬರೆಸಲು ಪಾಲಿಕೆ ಮುಂದಾದಾಗ ಸಿನಿಮಾ ಕಟೌಟ್ ಬರೆಯುತ್ತಿದ್ದವರು, ಬೋರ್ಡ್ ಬರೆಯುತ್ತಿದ್ದವರು ಆ ಕೆಲಸಕ್ಕೆ ಬಂದರು. ಹಂಪಿಯ ಕಲ್ಲಿನ ರಥ, ಜೋಗ, ಹುಲಿ, ಯಕ್ಷಗಾನ. ಆಗಿನ ಉದ್ದೇಶವೂ ಇದೇ ಥರದ್ದು. ಗೋಡೆ ಚೆನ್ನಾಗಿದ್ದರೆ ಜನ ಪೋಸ್ಟರ್ ಅಂಟಿಸಲ್ಲ, ಅಲ್ಲಿ ಮೂತ್ರ ಮಾಡಲ್ಲ ಅಂತ. ನನ್ನ ಪಾಲಿಗೆ ಗೋಡೆಚಿತ್ರ ಮತ್ತು ತಪ್ಪು ಕೆಲಸ ಎರಡೂ ಮೊದಲಿನಿಂದಲೂ ಒಟ್ಟೊಟ್ಟಿಗೇ ಬಂದಿವೆ.

ಇನ್ನೊಂದು ಮಾತು. ಅನುಮತಿ ಇಲ್ಲದೆ ಬರೆದರೆ ಚಿತ್ರವೇ ಅಪರಾಧ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ. ಅಪ್ಪ ರಾತ್ರಿ ಎರಡು ಗಂಟೆಗೆ ಸುಣ್ಣದ ಬಕೆಟ್ ಹಿಡಿದು ಗೋಡೆ ಬರೆಯುವಾಗ ನಾನು ರಸ್ತೆಯ ತುದಿಯಲ್ಲಿ ನಿಂತು ಜೀಪ್ ಬರುತ್ತಾ ಅಂತ ನೋಡುತ್ತಿದ್ದೆ. ಹಾಗಾಗಿ ಗೋಡೆಗೆ ಒತ್ತಿಕೊಂಡು ನಿಂತು ದಾರಿ ಕಾಯುವವನಿಗೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ನವಿಲು ಬರೆಯುವಾಗ ಅದು ತಲೆಗೆ ಬರಲಿಲ್ಲ.

ಸರ ಕಳೆದುಕೊಂಡವಳ ಅಕ್ಕ ಒಬ್ಬರು ನಾಲ್ಕು ದಿನ ಬಿಟ್ಟು ಸಿಕ್ಕರು. ಅದೇ ಗಾರ್ಮೆಂಟ್ಸ್‌ನಲ್ಲಿ ಅವರಿಗೂ ಕೆಲಸ. ನಾನೇ ಹೋಗಿ ಮಾತಾಡಿಸಿದೆ. ಅವರು ಬೈಯಲಿಲ್ಲ. "ಅಣ್ಣಾ, ನಿಮ್ಮ ನವಿಲು ಹಗಲೊತ್ತು ತುಂಬಾ ಚೆನ್ನಾಗಿದೆ. ಕತ್ತಲಾದ್ಮೇಲೆ ಒಂದ್ಸಲ ಬಂದು ನೋಡಿ" ಅಂದರು.

ಹೋದೆ. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಕರಿ ಶರ್ಟ್ ಹಾಕಿಸಿ ನವಿಲಿನ ಬಾಲದ ಹತ್ತಿರ ನಿಲ್ಲಿಸಿದೆ. ಅಂಡರ್‌ಪಾಸ್‌ನ ಬಾಯಿಂದ ನಡೆದು ಬಂದೆ. ಆರು ಲೈಟಲ್ಲಿ ನಾಲ್ಕು ಉರಿಯುತ್ತಿರಲಿಲ್ಲ. ಹದಿನೈದು ಅಡಿ ಹತ್ತಿರ ಬರುವ ತನಕ ಅವನು ನನಗೆ ಕಾಣಲಿಲ್ಲ. ಅವನು ಎಲ್ಲಿ ನಿಂತಿದ್ದಾನೆ ಅಂತ ಗೊತ್ತಿದ್ದೂ ಕಾಣಲಿಲ್ಲ. ಯಾಕೆ ಅಂದರೆ ನವಿಲು ಎದ್ದು ಕಾಣಲಿ ಅಂತ ಹಿನ್ನೆಲೆಗೆ ನಾನು ಕಡುನೀಲಿ ಹೊಡೆದಿದ್ದೆ. ಅರವತ್ತು ಅಡಿ ಉದ್ದ, ಹನ್ನೊಂದು ಅಡಿ ಎತ್ತರ, ಪೂರ್ತಿ ಕಡುನೀಲಿ. ಮೊದಲು ಅಲ್ಲಿ ಇದ್ದದ್ದು ಕೊಳಕಾದ ಸಿಮೆಂಟ್ ಗೋಡೆ. ಕೊಳಕಾದರೂ ಬೂದು ಬಣ್ಣ. ಉರಿಯುವ ಎರಡು ಲೈಟಿನ ಬೆಳಕು ಅದರ ಮೇಲೆ ಬಿದ್ದು ಒಂಚೂರಾದರೂ ಹಿಂದಕ್ಕೆ ಬರುತ್ತಿತ್ತು. ನನ್ನ ನೀಲಿ ಅದನ್ನೂ ನುಂಗಿತ್ತು.

ಆ ಕಳ್ಳತನಕ್ಕೆ ನನ್ನ ಬಣ್ಣವೇ ಕಾರಣ ಅಂತ ನಾನು ಹೇಳಲ್ಲ. ಅಲ್ಲಿ ಮೊದಲೂ ಸರ ಹೋಗಿದ್ದವು. ಆದರೆ ಜಾಗವನ್ನು ಕಾಪಾಡಬೇಕು ಅಂತ ಬರೆದ ಚಿತ್ರ ಜಾಗವನ್ನು ಇನ್ನಷ್ಟು ಕತ್ತಲು ಮಾಡಿತ್ತು. ಅದು ನನ್ನ ತಪ್ಪು. ಅದನ್ನು ನಾನೇ ಸರಿ ಮಾಡಬೇಕಿತ್ತು.

ಸರಿ ಮಾಡುವ ಮೊದಲು ಓದಿದೆ. ಈ ವಿಷಯದಲ್ಲಿ ಎಲ್ಲರೂ ಹೇಳುವುದು "ಒಡೆದ ಕಿಟಕಿ"ಯ ಮಾತು. 1982ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಬರೆದದ್ದು. ಒಂದು ಕಿಟಕಿ ಒಡೆದು ಹಾಗೇ ಬಿಟ್ಟರೆ ಇಲ್ಲಿ ಕೇಳೋರು ಯಾರೂ ಇಲ್ಲ ಅಂತ ಅರ್ಥ, ಆಮೇಲೆ ಉಳಿದ ಕಿಟಕಿಗಳೂ ಹೋಗುತ್ತವೆ ಅನ್ನೋದು ಅದರ ಸಾರ. ಅದನ್ನು ಹಿಡಿದುಕೊಂಡು ಪೊಲೀಸರು ಸಣ್ಣ ಸಣ್ಣ ತಪ್ಪಿಗೂ ಬಡವರನ್ನು ಹಿಡಿದು ಹಾಕಿದರು ಅನ್ನುವ ದೂರೂ ಆ ದೇಶದಲ್ಲಿ ಬಲವಾಗಿದೆ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಮಾಡಿದ ಪ್ರಯೋಗ. ಅಂಚೆ ಡಬ್ಬದ ಬಾಯಲ್ಲಿ ಒಂದು ಕವರ್ ಅರ್ಧ ಹೊರಗೆ ಬರುವಂತೆ ಸಿಕ್ಕಿಸಿದರು. ಒಳಗೆ 5 ಯೂರೋ ನೋಟು ಇರುವುದು ಹೊರಗೇ ಕಾಣುತ್ತಿತ್ತು. ಡಬ್ಬ ಶುಚಿಯಾಗಿದ್ದಾಗ ಕವರ್ ಕದ್ದವರು ನೂರಕ್ಕೆ 13 ಜನ. ಅದೇ ಡಬ್ಬದ ಮೇಲೆ ಗೀಚಿ ಇಟ್ಟಾಗ 27 ಜನ. ಎರಡರಷ್ಟು.

ಇದನ್ನು ಓದಿ ಮೊದಲು ಖುಷಿಯಾಯಿತು. ನೋಡಿ, ಗೋಡೆ ಹೇಗಿದೆ ಅನ್ನೋದು ಕೈಯನ್ನು ತಡೆಯುತ್ತೆ ಅಂತ. ಆಮೇಲೆ ಇನ್ನೊಂದು ಸಲ ಓದಿದೆ. ಅಲ್ಲಿ ಕದ್ದವರು ದಾರಿಹೋಕರು. ಕದಿಯಬೇಕು ಅಂತ ಮನೆಯಿಂದ ಹೊರಟವರಲ್ಲ. ಅಲ್ಲದೆ ಶುಚಿಯಾದ ಡಬ್ಬಕ್ಕೂ ಗೀಚಿದ ಡಬ್ಬಕ್ಕೂ ಇರುವ ವ್ಯತ್ಯಾಸ ಅದು. ಶುಚಿಯಾದ ಡಬ್ಬಕ್ಕೂ ನವಿಲು ಬರೆದ ಡಬ್ಬಕ್ಕೂ ಅಲ್ಲ. ಕಸ ಎಸೆಯುವವನನ್ನು, ಗೋಡೆಗೆ ಉಗಿಯುವವನನ್ನು ಚಿತ್ರ ತಡೆಯಬಹುದು. ಸರ ಕೀಳಲು ಕಾದು ನಿಂತವನು ಗೋಡೆ ನೋಡಿ ಮನಸ್ಸು ಬದಲಿಸುತ್ತಾನಾ? ಅವನು ನೋಡುವುದು ಬೇರೆ. ಯಾರಾದರೂ ಬರ್ತಾರಾ, ಯಾರಿಗಾದರೂ ಕಾಣ್ತೀನಾ, ಓಡೋಕೆ ದಾರಿ ಇದೆಯಾ.

ಹಾಗಾಗಿ ಎರಡನೇ ಸಲ ಬ್ರಷ್ ಮುಟ್ಟುವ ಮೊದಲು ಎರಡು ವಾರ ಅಲ್ಲೇ ಕೂತೆ. ಅಂಡರ್‌ಪಾಸ್‌ನ ಈಚೆ ತುದಿಯಲ್ಲಿ ಒಬ್ಬ ಅಜ್ಜಿಯ ಟೀ ಅಂಗಡಿ ಇದೆ. ಸಂಜೆ ಐದರಿಂದ ಹತ್ತರವರೆಗೆ ಅಲ್ಲಿ ಬೆಂಚಿನ ಮೇಲೆ. ಒಂದು ನೋಟ್‌ಬುಕ್. ಯಾರು ಎಷ್ಟು ಹೊತ್ತಿಗೆ ಹೋಗ್ತಾರೆ, ಯಾರು ಗುಂಪು ಕಟ್ಟಿಕೊಂಡು ಹೋಗ್ತಾರೆ, ಯಾರು ಫೋನ್ ಕಿವಿಗಿಟ್ಟುಕೊಂಡು ಮಾತಾಡುವ ಹಾಗೆ ಮಾಡ್ತಾ ಹೋಗ್ತಾರೆ. ಆರೂಕಾಲಿಗೆ ಗಾರ್ಮೆಂಟ್ಸ್ ಬಿಟ್ಟಾಗ ನೂರಾರು ಹೆಣ್ಣುಮಕ್ಕಳು ಒಟ್ಟಿಗೇ ಹೋಗುತ್ತಿದ್ದರು. ಆಗ ಏನೂ ಆಗುತ್ತಿರಲಿಲ್ಲ. ಓಟಿ, ಅಂದರೆ ಹೆಚ್ಚಿನ ಹೊತ್ತಿನ ಕೆಲಸ ಮಾಡಿ ಏಳೂವರೆ ಮೇಲೆ ಬಿಡುವವರು ಒಬ್ಬೊಬ್ಬರೇ. ಭಯ ಅವರಿಗೆ. ಆಚೆ ತುದಿಯಲ್ಲಿ ಒಂದು ಕೆಟ್ಟು ನಿಂತ ಕಸದ ಆಟೋ ಇತ್ತು. ಅದರ ಹಿಂದೆ ಬೆಳೆದ ಪೊದೆ. ಅದರಿಂದಾಗಿ ಆಚೆ ರಸ್ತೆಯ ಅಂಗಡಿಗಳಿಗೆ ಅಂಡರ್‌ಪಾಸ್‌ನ ಒಳಗೆ ಏನಾಗ್ತಿದೆ ಅಂತ ಕಾಣುತ್ತಲೇ ಇರಲಿಲ್ಲ. ಆ ಆಟೋ ಎಳೆಸಿ, ಪೊದೆ ಕಡಿಸಿದ್ದೇ ನನ್ನ ಪ್ರಕಾರ ಆ ಚಿತ್ರದ ಮೊದಲ ಗೀಟು.

ಆ ಎರಡು ವಾರದಲ್ಲಿ ಇನ್ನೊಂದು ವಿಷಯ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಜೆ ಹೊತ್ತು ಆಚೆ ತುದಿಯಲ್ಲಿ ಮೂರ್ನಾಲ್ಕು ಜನ ಮಂಗಳಮುಖಿಯರು ನಿಲ್ಲುತ್ತಿದ್ದರು. ಬಡಾವಣೆಯ ಕೆಲವು ಹಿರಿಯರು ನನ್ನ ಹತ್ತಿರ ಬಂದು "ನೀವು ಚಿತ್ರ ಬರೀತೀರಲ್ಲ, ಅಂಥವರು ಇಲ್ಲಿ ನಿಲ್ಲದ ಹಾಗೆ ಏನಾದ್ರೂ ಮಾಡಿ" ಅಂದರು. ಅವರ ಲೆಕ್ಕದಲ್ಲಿ ಕಳ್ಳತನಕ್ಕೂ ಇವರಿಗೂ ಸಂಬಂಧ. ಇದು ಬಡಾವಣೆಯ ಹಿರಿಯರು ಮಾತ್ರ ಹೇಳುವ ಮಾತಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಒಂದು ಕಲಂ ಸೇರಿಸಿ, ಇಡೀ ಸಮುದಾಯವನ್ನೇ ಅನುಮಾನದ ಪಟ್ಟಿಯಲ್ಲಿ ಇಟ್ಟಿದ್ದರು. ವಿರೋಧ ಬಂದು, ಹೈಕೋರ್ಟಿನ ತನಕ ಹೋದ ಮೇಲೆ ಅದರ ಪದ ಬದಲಾಯಿತು.

ನಾನು ಹೋಗಿ ಅವರಲ್ಲಿ ಹಿರಿಯರಾದವರನ್ನು "ಅಕ್ಕಾ" ಅಂತ ಮಾತಾಡಿಸಿದೆ. ಸರ ಕಿತ್ತ ದಿನ ಅವರು ಎಲ್ಲಿದ್ದರು ಅಂತ ಕೇಳಿದೆ. ಆ ವಾರ ಅವರನ್ನು ಅಲ್ಲಿಂದ ಓಡಿಸಿದ್ದರಂತೆ. "ನಾವಿದ್ದಿದ್ರೆ ಅವನು ಆ ಕಡೆ ಓಡೋಕಾಗ್ತಿತ್ತೇನಪ್ಪಾ? ಹಿಂದೆ ಒಂದ್ಸಲ ಒಬ್ಬನ್ನ ನಾವೇ ಹಿಡಿದು ಕೊಟ್ಟಿದ್ವಿ" ಅಂದರು. ಟೀ ಅಂಗಡಿ ಅಜ್ಜಿಯೂ ಹೌದು ಅಂದರು. ರಾತ್ರಿ ಎಂಟರ ಮೇಲೆ ಆ ಜಾಗದಲ್ಲಿ ಕಣ್ಣು ಬಿಟ್ಟುಕೊಂಡು ಇರುತ್ತಿದ್ದವರು ಆ ಮಂಗಳಮುಖಿಯರು ಮಾತ್ರ. ಅವರನ್ನು ಓಡಿಸಿದ್ದು, ಅಲ್ಲಿದ್ದ ಕಾವಲನ್ನೇ ಕಿತ್ತ ಹಾಗಾಗಿತ್ತು.

ಬೀದಿ ಚಿತ್ರ ಅಂದರೆ ಒಳ್ಳೆಯದೇ ಅಂತ ಎಲ್ಲರೂ ಅಂದುಕೊಳ್ತೀವಿ. ಆದರೆ ಯಾರನ್ನು ಅಲ್ಲಿಂದ ಎಬ್ಬಿಸಲು ಅದನ್ನು ಬರೆಸ್ತಿದ್ದಾರೆ ಅಂತ ಕೇಳಿಕೊಳ್ಳಬೇಕು. ಬೀದಿ ವ್ಯಾಪಾರಿಗಳನ್ನು, ಮನೆ ಇಲ್ಲದವರನ್ನು, ಇಂಥ ಅಕ್ಕಂದಿರನ್ನು ಎಬ್ಬಿಸೋಕೆ ನಮ್ಮ ಬಣ್ಣ ಒಂದು ನೆಪ ಆಗಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ. ಬೆಂಗಳೂರಿನಲ್ಲೇ 2016ರಲ್ಲಿ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಮಂಗಳಮುಖಿಯರೇ ಕೂಡಿ ಊರಿನ ದೊಡ್ಡ ದೊಡ್ಡ ಗೋಡೆಗಳನ್ನು ಬರೆಯುತ್ತಾರೆ. ಅವರ ಗೋಡೆಗಳ ಮುಂದೆ ನಿಂತು ನೋಡಿದ ಮೇಲೆ ನನಗೆ ಧೈರ್ಯ ಬಂತು. ನಮ್ಮ ಅಂಡರ್‌ಪಾಸ್‌ನ ಅಕ್ಕಂದಿರಲ್ಲಿ ಇಬ್ಬರು ಎರಡನೇ ಚಿತ್ರಕ್ಕೆ ಬ್ರಷ್ ಹಿಡಿದರು. ಬೇಡ ಅಂದ ಹಿರಿಯರಲ್ಲಿ ಒಬ್ಬರು ಕೊನೆಯವರೆಗೂ ಬರಲಿಲ್ಲ. ಉಳಿದವರು ಬಂದರು.

ದೇವರ ಚಿತ್ರ ಬರೆಯಿರಿ ಅನ್ನುವ ಒತ್ತಾಯವೂ ಇತ್ತು. ಮೂತ್ರ ಮಾಡುವುದು ನಿಲ್ಲುತ್ತೆ ಅಂತ. ನಾನು ಬರೆಯಲ್ಲ. ದೇವರನ್ನು ಬರೆದ ಗೋಡೆಯಿಂದ ಎಂಟು ಹೆಜ್ಜೆ ಆಚೆ ಹೋಗಿ ಜನ ಅದೇ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದೀನಿ. ಒಂದು ದಿನ ಯಾರೋ ಕುಡಿದವನು ಆ ಚಿತ್ರದ ಮೇಲೇ ಮಾಡಿದರೆ ಎರಡು ಗುಂಪಿನ ಜಗಳಕ್ಕೆ ಅಷ್ಟು ಸಾಕು. ಆ ದಾರಿಯಲ್ಲಿ ಬಸ್ ನಿಲ್ಲಿಸಿ ಕಾಯುವ ಡ್ರೈವರುಗಳಿಗೆ, ಆಟೋದವರಿಗೆ ಅರ್ಧ ಕಿಲೋಮೀಟರಿನಲ್ಲಿ ಒಂದೂ ಶೌಚಾಲಯ ಇರಲಿಲ್ಲ. ಅದನ್ನು ಕೇಳಬೇಕಾದವರ ಹತ್ತಿರ ಕೇಳಿದೆವು.

ಅನುಮತಿಗೆ ನಾಲ್ಕು ತಿಂಗಳು ಹಿಡಿಯಿತು. ಎರಡು ಕಚೇರಿಗಳ ನಡುವೆ ಕಾಗದ ಓಡಾಡಿತು. ಆ ಕಥೆ ಬೇಡ.

ಕಾಯುವ ಆ ನಾಲ್ಕು ತಿಂಗಳಲ್ಲಿ ನನಗೆ ಅಮೆರಿಕದ ಫಿಲಡೆಲ್ಫಿಯಾ ಊರಿನ ಕೆಲಸ ಗೊತ್ತಾಯಿತು. ಅಲ್ಲಿ 1984ರಲ್ಲಿ ಮೇಯರ್ ವಿಲ್ಸನ್ ಗೂಡ್ ಗೋಡೆ ಗೀಚುವುದನ್ನು ನಿಲ್ಲಿಸಬೇಕು ಅಂತ ಒಂದು ತಂಡ ಮಾಡಿದರು. ಅದಕ್ಕೆ ಬಂದ ಜೇನ್ ಗೋಲ್ಡನ್ ಅನ್ನುವ ಚಿತ್ರಗಾರ್ತಿ, ಗೀಚುತ್ತಿದ್ದ ಹುಡುಗರನ್ನೇ ಕರೆದು ಗೋಡೆ ಚಿತ್ರ ಬರೆಸಿದರು. ಇವತ್ತು ಆ ಊರಿನಲ್ಲಿ ಅವರು ಬರೆಸಿದ ಚಿತ್ರಗಳು ನಾಲ್ಕು ಸಾವಿರ ದಾಟಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಗ್ರೇಟರ್‌ಫೋರ್ಡ್ ಜೈಲಿನಲ್ಲಿ ಮಾಡಿದ ಕೆಲಸ. 2004ರ ಹೊತ್ತಿಗೆ ಅಲ್ಲಿನ ಕೈದಿಗಳು ಮತ್ತು ಅಪರಾಧದಿಂದ ನೊಂದವರು ಸೇರಿ ಎರಡು ದೊಡ್ಡ ಗೋಡೆಚಿತ್ರ ಮಾಡಿದರು. ಒಂದರಲ್ಲಿ ನೊಂದವರ ದಾರಿ, ಇನ್ನೊಂದರಲ್ಲಿ ಕೈದಿಗಳ ದಾರಿ. ಕೈದಿಗಳು ಗೋಡೆಯ ಹತ್ತಿರ ಬರುವ ಹಾಗಿಲ್ಲವಲ್ಲ, ಅದಕ್ಕೆ ತೆಳುವಾದ ಬಟ್ಟೆಯ ತುಂಡುಗಳ ಮೇಲೆ ಜೈಲಿನ ಒಳಗೇ ಬರೆದು, ಆಮೇಲೆ ಹೊರಗೆ ಗೋಡೆಗೆ ಅಂಟಿಸುತ್ತಾರೆ.

ಈ ಬಟ್ಟೆಯ ಉಪಾಯ ನನಗೆ ಬೇಕಾಗಿತ್ತು. ಯಾಕೆ ಅಂದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ರಜೆ ಭಾನುವಾರ ಮಾತ್ರ. ಆ ದಿನ ಬಟ್ಟೆ ಒಗೆಯೋದು, ರೇಷನ್ನು, ಮಕ್ಕಳು. ಅಂಡರ್‌ಪಾಸ್‌ಗೆ ಬಂದು ನಿಲ್ಲಿ ಅಂತ ಹೇಗೆ ಕೇಳಲಿ? ಬಟ್ಟೆ ಆದರೆ ಮನೆಯಲ್ಲೇ ಬರೆಯಬಹುದು. ಯಾವ ಬಟ್ಟೆ ಅಂತ ಅವರೇ ಹೇಳಿದರು. ಶರ್ಟಿನ ಕಾಲರ್ ಗಟ್ಟಿಯಾಗಲಿ ಅಂತ ಒಳಗೆ ಇಡುತ್ತಾರಲ್ಲ, ನೇಯ್ಗೆ ಇಲ್ಲದ ಬಿಳಿ ಬಟ್ಟೆ, ಅದು. ನೂಲು ಬಿಡಲ್ಲ, ಬಣ್ಣ ಹಿಡಿಯುತ್ತೆ, ಗೋಡೆಯ ಒರಟಿಗೆ ಬಗ್ಗುತ್ತೆ. ಅಂಟು ಬರುವಂಥದ್ದಲ್ಲ, ಸಾದಾ. ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಕ್ಕಿತು. ಒಂದೂವರೆ ಅಡಿ ಚೌಕದ ತುಂಡುಗಳು ಮಾಡಿ, ಎರಡು ಕೋಟ್ ಪ್ರೈಮರ್ ಹೊಡೆದು, ಹಗ್ಗದ ಮೇಲೆ ಒಣಗಿಸಿ ಹಂಚಿದೆ.

ಏನು ಬರೆಯೋದು ಅನ್ನೋದಕ್ಕೆ ಮೂರು ಭಾನುವಾರ ಮಾತು. ನಾನು ಮೊದಲು ಹೊಲಿಗೆ ಮೆಷಿನ್ ಮುಂದೆ ಕೂತ ಹೆಂಗಸರನ್ನು ಬರೆಯೋಣ ಅಂದೆ. ಒಬ್ಬರು "ಅದನ್ನ ದಿನಾ ನೋಡ್ತೀವಲ್ಲಣ್ಣ, ಮತ್ತೆ ದಾರೀಲೂ ಬೇಕಾ?" ಅಂದರು. ಅವರು ಹೆಚ್ಚಿನವರು ಮಂಡ್ಯ, ಕನಕಪುರ, ಮಾಗಡಿ, ಕುಣಿಗಲ್ ಕಡೆಯವರು. ಕೊನೆಗೆ ಬಂದದ್ದು ಊರ ಮುಂದಿನ ಅರಳಿಕಟ್ಟೆ. "ಕತ್ತಲಲ್ಲಿ ಊರಿಗೆ ಹೋದ್ರೂ ಭಯ ಆಗಲ್ಲ. ಕಟ್ಟೆ ಮೇಲೆ ಯಾರಾದ್ರೂ ಕೂತೇ ಇರ್ತಾರೆ, ಯಾರವ್ವಾ ಅದು ಅಂತ ಕೇಳೇ ಕೇಳ್ತಾರೆ." ಇದನ್ನು ಹೇಳಿದವರು ಸರ ಕಳೆದುಕೊಂಡವಳ ಅಕ್ಕ. ಆ ಮಾತು ಬಂದ ಮೇಲೆ ಬೇರೆ ಚಿತ್ರ ಯಾರಿಗೂ ಬೇಕಾಗಲಿಲ್ಲ.

ಅರವತ್ತು ಅಡಿ ಉದ್ದದ ಕಟ್ಟೆ. ಅದರ ಮೇಲೆ ಆಳೆತ್ತರದ ಇಪ್ಪತ್ತಮೂರು ಜನ. ಎಲೆಅಡಿಕೆ ಹಾಕುವ ಅಜ್ಜಿ, ಹಗ್ಗ ಹೊಸೆಯುವ ತಾತ, ಮಗು ಎತ್ತಿಕೊಂಡವಳು, ಬಿಂದಿಗೆ ಇಳಿಸಿ ಕೂತವಳು. ಎಲ್ಲರ ಮುಖವೂ ದಾರಿಯ ಕಡೆಗೆ. ಮುಖಗಳನ್ನು ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಬರೆದರು. ತಮ್ಮ ಅಜ್ಜಿ, ಚಿಕ್ಕಮ್ಮ, ಅಕ್ಕಪಕ್ಕದವರ ಮುಖ. ಮೈ, ಸೀರೆ, ಮರ ನಮ್ಮ ತಂಡದ್ದು. ಹಿನ್ನೆಲೆ ಈ ಸಲ ಕೆನೆ ಬಣ್ಣ, ಹೊಳಪಿಲ್ಲದ್ದು. ಹೊಳಪಿನ ಬಣ್ಣಕ್ಕೆ ಬೈಕಿನ ಲೈಟ್ ಬಿದ್ದರೆ ಕಣ್ಣು ಕುಕ್ಕುತ್ತೆ, ಅದನ್ನೂ ರಾತ್ರಿ ಹೊಡೆದು ನೋಡಿಯೇ ತಿಳಿದುಕೊಂಡೆ. ಕರಿ ಶರ್ಟಿನ ಹುಡುಗ ಮತ್ತೆ ನಿಂತ. ಅಂಡರ್‌ಪಾಸ್‌ನ ಬಾಯಿಂದಲೇ ಕಂಡ.

ಗೋಡೆ ತಯಾರಿಯ ಬಗ್ಗೆ ಎರಡು ಮಾತು, ಇದನ್ನು ಯಾರೂ ಬರೆದಿಡಲ್ಲ. ವರ್ಷಗಟ್ಟಲೆ ಮೂತ್ರ ಕುಡಿದ ಗೋಡೆಯಲ್ಲಿ ಉಪ್ಪು ಇರುತ್ತೆ. ಮೇಲೆ ಎಷ್ಟೇ ಒಳ್ಳೆ ಬಣ್ಣ ಹೊಡೆದರೂ ತಳದಿಂದ ಗುಳ್ಳೆ ಎದ್ದು ಕಿತ್ತು ಬರುತ್ತೆ. ಕೆಳಗಿನ ಮೂರೂವರೆ ಅಡಿ ಗಾರೆಯನ್ನು ಉಳಿ ಹಾಕಿ ಪೂರ್ತಿ ತೆಗೆಸಿದೆವು. ನೀರು ಹೊಡೆದು ತೊಳೆದು, ಎಂಟು ದಿನ ಒಣಗಲು ಬಿಟ್ಟು, ಹೊಸ ಗಾರೆ ಹಾಕಿಸಿದೆವು. ಆ ಮೂರೂವರೆ ಅಡಿ ಕಟ್ಟೆಯ ಕಲ್ಲಿನ ಭಾಗ ಆಯಿತು. ಅದಕ್ಕೆ ಕೆಮ್ಮಣ್ಣಿನ ಬಣ್ಣ. ಎಲೆಅಡಿಕೆ ಉಗಿದರೂ, ಕೆಸರು ಹಾರಿದರೂ ಎದ್ದು ಕಾಣಲ್ಲ. ಬೆಂಗಳೂರಿನಲ್ಲಿ ಬೀದಿ ಮೂಲೆಗಳನ್ನು ಶುಚಿ ಮಾಡುವ 'ದಿ ಅಗ್ಲಿ ಇಂಡಿಯನ್' ತಂಡದವರು ಗೋಡೆಯ ಕೆಳಭಾಗಕ್ಕೆ ಕೆಂಪು ಹೊಡೆಯೋದನ್ನು ನೋಡಿ ಕಲಿತದ್ದು ಇದು.

ಕಣ್ಣುಗಳ ಬಗ್ಗೆಯೂ ಹೇಳಬೇಕು. ಕಟ್ಟೆಯ ಮೇಲಿನವರು ದಾರಿಯ ಕಡೆ ನೋಡಬೇಕು ಅಂತ ಹೆಣ್ಣುಮಕ್ಕಳು ಕೇಳಿದ್ದು ಊರಿನ ನೆನಪಿನಿಂದ. ಆದರೆ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪ್ರಯೋಗ ಮಾಡಿದ್ದಾರೆ. ಸೈಕಲ್ ನಿಲ್ಲಿಸುವ ಮೂರು ಜಾಗದಲ್ಲಿ ದಿಟ್ಟಿಸಿ ನೋಡುವ ಕಣ್ಣಿನ ಚಿತ್ರವಿರುವ ಫಲಕ ಹಾಕಿದರು, ಸೈಕಲ್ ಕಳ್ಳರೇ ನಿಮ್ಮನ್ನು ನೋಡ್ತಿದ್ದೀವಿ ಅಂತ. 2012ರಲ್ಲಿ ಅದರ ಫಲ ಪ್ರಕಟವಾಯಿತು. ಫಲಕ ಹಾಕಿದ ಜಾಗಗಳಲ್ಲಿ ಕಳ್ಳತನ 62 ಪರ್ಸೆಂಟ್ ಇಳಿಯಿತು. ಫಲಕ ಹಾಕದ ಜಾಗಗಳಲ್ಲಿ 65 ಪರ್ಸೆಂಟ್ ಏರಿತು. ಈ ಎರಡನೇ ಅಂಕಿಯನ್ನು ನಾನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೀನಿ. ನಾವು ಒಂದು ಗೋಡೆ ಚೆನ್ನಾಗಿ ಮಾಡಿದರೆ ಕಷ್ಟ ಪಕ್ಕದ ಗಲ್ಲಿಗೆ ಹೋಗಬಹುದು. ಆ ಗಲ್ಲಿಯಲ್ಲೂ ಯಾರದೋ ಅಕ್ಕತಂಗಿಯರು ನಡೀತಾರೆ.

ಕೆಲಸ ನಡೆಯುವಾಗ ಒಂದು ರಾತ್ರಿ ಇಪ್ಪತ್ತು ಲೀಟರಿನ ಎರಡು ಡಬ್ಬ ಬಿಳಿ ಬಣ್ಣ ಹೋಯಿತು. ಅಲ್ಲೇ ಕೂತು ಕುಡಿಯುತ್ತಿದ್ದ ಹುಡುಗರಲ್ಲಿ ನಾಲ್ಕು ಜನರನ್ನು ನಾವು ಸಾರ್ವೆ ಕಟ್ಟಲು, ಗಾರೆ ಕೀಳಲು ದಿನಗೂಲಿಗೆ ತೆಗೆದುಕೊಂಡಿದ್ದೆವು. ಎಲ್ಲರ ಬೆರಳೂ ಅವರ ಕಡೆಗೇ ಹೋಯಿತು. ಅವರು ಮಾರನೇ ದಿನವೂ ಕೆಲಸಕ್ಕೆ ಬಂದರು, ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದರು. ನಾನು ದೂರು ಕೊಡಲಿಲ್ಲ. ಕೂಲಿ ಕಡಿಯಲಿಲ್ಲ. ಉಳಿದ ಡಬ್ಬಗಳನ್ನು ಟೀ ಅಂಗಡಿ ಅಜ್ಜಿಯ ಮನೆಯಲ್ಲಿ ಇಟ್ಟು, ಬೀಗದ ಕೈಯನ್ನು ಆ ನಾಲ್ವರಲ್ಲೇ ಒಬ್ಬನಿಗೆ ಕೊಟ್ಟೆ. ಯಾರು ತೆಗೆದರು ಅಂತ ಇವತ್ತಿಗೂ ಗೊತ್ತಾಗಲಿಲ್ಲ. ಕೆಲಸ ಮುಗಿಯುವ ತನಕ ಮತ್ತೇನೂ ಹೋಗಲಿಲ್ಲ. ಆ ಹುಡುಗರಲ್ಲಿ ಒಬ್ಬ ಈಗ ನನ್ನ ತಂಡದಲ್ಲಿ ಇದ್ದಾನೆ. ಇನ್ನೊಬ್ಬ ಒಂದು ಹೊಡೆದಾಟದ ಕೇಸಿನಲ್ಲಿ ಒಳಗೆ ಹೋಗಿ ಬಂದ. ಚಿತ್ರದಿಂದ ಹುಡುಗರು ಬದಲಾದರು ಅಂತ ಬರೆಯೋಕೆ ನನಗೆ ಮನಸ್ಸು ಒಪ್ಪಲ್ಲ. ನಾಲ್ಕು ತಿಂಗಳು ಅವರಿಗೆ ಕೂಲಿ ಸಿಕ್ಕಿತು, ಅಷ್ಟು ದಿನ ಆ ಜಾಗ ಅವರದ್ದೂ ಆಗಿತ್ತು.

ಲೈಟಿನ ವಿಷಯ ಮಾತ್ರ ಚಿತ್ರವೇ ಮಾಡಿಸಿತು. ಬಲ್ಬ್ ಹಾಕಿ ಅಂತ ಬರೆದ ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಬೊಂಬೆ ಇಟ್ಟಿದ್ದು ನೆನಪಿದೆಯಲ್ವಾ? ಅದು ದೇಶದ ತುಂಬಾ ಸುದ್ದಿಯಾಗಿ ಗುಂಡಿ ಮುಚ್ಚಿದರು. ನಾವು ಉರಿಯದ ನಾಲ್ಕು ಲೈಟಿನ ಕೆಳಗೆ, ಕಟ್ಟೆಯ ಮೇಲೆ, ನಾಲ್ಕು ಆರಿದ ಲಾಟೀನು ಬರೆದೆವು. ಪ್ರತಿ ಲಾಟೀನಿನ ಕೆಳಗೆ ಆ ಲೈಟು ಕೆಟ್ಟ ತಿಂಗಳು, ಇಸವಿ. ಅಷ್ಟೇ. ಮುಗಿದ ದಿನ ಬಂದ ದೊಡ್ಡವರಿಗೆ ಹೆಣ್ಣುಮಕ್ಕಳೇ ಚಿತ್ರ ತೋರಿಸಿದರು. ಲಾಟೀನಿನ ಹತ್ತಿರ ಬಂದಾಗ ಎಲ್ಲರೂ ಸುಮ್ನೆ ನಿಂತರು. ಹತ್ತು ದಿನದಲ್ಲಿ ಆರೂ ಲೈಟ್ ಬಂದವು. ಲೈಟ್ ಬಂದ ಮೇಲೆ ನಾವು ಹೋಗಿ ನಾಲ್ಕೂ ಲಾಟೀನಿಗೆ ಹಳದಿ ಬತ್ತಿ ಬರೆದೆವು.

ಆಮೇಲೆ ಏನಾಯಿತು? ಆ ಹೆಡ್ ಕಾನ್‌ಸ್ಟೇಬಲ್ ವರ್ಗವಾಗುವ ಮೊದಲು ಸಿಕ್ಕಿದ್ದರು. ಒಳಗೆ ಸರ ಕಿತ್ತ ದೂರು ಮತ್ತೆ ಬಂದಿಲ್ಲ ಅಂದರು. ಆದರೆ ಅದೇ ಹೊತ್ತಿಗೆ ಲೈಟ್ ಬಂದಿತ್ತು, ಪೊದೆ ಹೋಗಿತ್ತು, ಪೊಲೀಸರ ಗಸ್ತಿನ ಹೊಯ್ಸಳ ಗಾಡಿ ಸಂಜೆ ಹೊತ್ತು ಆ ಕಡೆ ಬಂದು ನಿಲ್ಲುತ್ತಿತ್ತು, ಅಕ್ಕಂದಿರು ಮತ್ತೆ ಅಲ್ಲಿ ನಿಲ್ಲುತ್ತಿದ್ದರು. ಇದರಲ್ಲಿ ಬಣ್ಣದ ಪಾಲೆಷ್ಟು ಅಂತ ಬೇರೆ ಮಾಡಿ ತೋರಿಸಲು ಆಗಲ್ಲ. ನನಗೆ ಕಂಡದ್ದು ಇಷ್ಟು. ಓಟಿ ಮುಗಿಸಿದವರು ಮೊದಲು ತಲೆ ತಗ್ಗಿಸಿ, ಓಡುವ ಹಾಗೆ ನಡೆದು ಹೋಗುತ್ತಿದ್ದರು. ಈಗ ಕೆಲವರು ತಾವು ಬರೆದ ಮುಖದ ಹತ್ತಿರ ನಿಂತು ಹಿಂದೆ ಬರುವವರಿಗೆ ಕಾಯುತ್ತಾರೆ. ಹಾಗೆ ಕಾದು ಕಾದು ಒಂಟಿಯಾಗಿ ಹೋಗುವವರೇ ಕಡಿಮೆಯಾದರು. ಅಜ್ಜಿ ಟೀ ಅಂಗಡಿಯನ್ನು ಎಂಟಕ್ಕೆ ಮುಚ್ಚುತ್ತಿದ್ದವರು ಈಗ ಒಂಬತ್ತೂವರೆವರೆಗೆ ತೆಗೆದಿರುತ್ತಾರೆ.

ಕಸ ಮಾತ್ರ ಹಿಂದಿನ ಗಲ್ಲಿಗೆ ಹೋಯಿತು. ಕುಡಿಯುವವರೂ ಅಲ್ಲಿಗೇ. ಆ ಗಲ್ಲಿಯವರು ಬಂದು ನನ್ನ ಜೊತೆ ಜಗಳ ಆಡಿದರು. ಅವರು ಹೇಳಿದ್ದು ಸರಿಯೇ ಇತ್ತು. ಮುಂದಿನ ವರ್ಷ ಅಲ್ಲಿ ಹೋಗಿ ಕೂತೆ. ಅಲ್ಲಿ ಚಿತ್ರ ಬರೆಯಲಿಲ್ಲ. ಗಾಡಿ ನಿಲ್ಲಿಸಲು ಗೀಟು ಹಾಕಿ, ಗೋಡೆಗೆ ಬರೀ ಸುಣ್ಣ ಹೊಡೆದು, ಲೈಟಿಗೆ ಅರ್ಜಿ ಕೊಟ್ಟೆವು. ಆ ಜಾಗಕ್ಕೆ ಅಷ್ಟು ಬೇಕಿತ್ತು.

ಮೊನ್ನೆ ಮಳೆ ನಿಂತ ಮೇಲೆ ಫೋನ್ ಬಂತು. ಸರ ಕಳೆದುಕೊಂಡವಳೇ. ಅವಳೀಗ ಲೈನ್ ಸೂಪರ್‌ವೈಸರ್. "ಅಣ್ಣಾ, ಎಲೆಅಡಿಕೆ ಅಜ್ಜಿ ಮುಖದ ಬಟ್ಟೆ ಒಂದು ಮೂಲೇಲಿ ಅಂಟು ಬಿಟ್ಟಿದೆ. ನಾನು ಟೇಪ್ ಹಾಕಿದೀನಿ, ಗಾಳಿಗೆ ಹೋಗದಿರಲಿ ಅಂತ. ಭಾನುವಾರ ಬರ್ತೀರಾ?" ಅದು ಅವಳ ಅಜ್ಜಿಯ ಮುಖ. ಬರ್ತೀನಿ, ಆದರೆ ಅಂಟು ಹಚ್ಚೋಕೆ ಗೋಡೆ ಒಣಗಿರಬೇಕು, ಟೇಪ್ ಮೆಲ್ಲಗೆ ಬಿಚ್ಚಿ ಹಿಂದೆ ಒದ್ದೆ ಇದೆಯಾ ನೋಡು ಅಂದೆ. ಫೋನ್ ಹಿಡಿದುಕೊಂಡೇ ಹೋಗಿ ನೋಡಿದಳು. ರಾತ್ರಿ ಎಂಟೂ ಇಪ್ಪತ್ತು. ಹಿಂದಿನಿಂದ ರೈಲು ಹೋಗುವ ಸದ್ದು ಕೇಳಿಸುತ್ತಿತ್ತು.

"ಇನ್ನೂ ತೇವ ಇದೆ ಅಣ್ಣಾ. ಮುಂದಿನ ವಾರ ಬನ್ನಿ."